ಕನ್ನಡ ಡಿಕ್ಷನರಿ ಹಾಕಿದೆ, ಆದರೂ ಲಿಬ್ರೆಆಫೀಸ್ ರೈಟರ್‌ನಲ್ಲಿ ಎಲ್ಲಾ ಪದಕ್ಕೂ ಕೆಂಪು ಗೆರೆ. ಏನು ಮಾಡಲಿ?

ಹೊಂಗೆಮರ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಶಾಲೆಗೆ ನೂರು ವರ್ಷ ತುಂಬುತ್ತಿದೆ. ಸ್ಮರಣ ಸಂಚಿಕೆ ಸಿದ್ಧಮಾಡುವ ಕೆಲಸ ನನ್ನ ತಲೆಗೆ ಬಂದಿದೆ. ಒಟ್ಟು 38 ಲೇಖನ ಇದೆ. ಕೆಲವರು ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ, ಕೆಲವರು ವರ್ಡ್ ಫೈಲ್ ಕೊಟ್ಟಿದ್ದಾರೆ. ಇನ್ನು ಕೆಲವರು ಪೆನ್ನಲ್ಲಿ ಬರೆದಿದ್ದನ್ನು ನಾನೇ ಟೈಪ್ ಮಾಡಿದ್ದೇನೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಇದೆ, ಬರೆಯಲಿಕ್ಕೆ ಲಿಬ್ರೆಆಫೀಸ್ 24.8 (ಎಂಎಸ್ ಆಫೀಸ್ ತರದ ಉಚಿತ ತಂತ್ರಾಂಶ). ಕಾಗುಣಿತ ನೋಡಲಿಕ್ಕೆ ಕನ್ನಡ ಡಿಕ್ಷನರಿ ಅಂತ ಹುಡುಕಿ ಒಂದು ಎಕ್ಸ್‌ಟೆನ್ಶನ್ (ಲಿಬ್ರೆಆಫೀಸ್‌ಗೆ ಮೇಲಿಂದ ಸೇರಿಸಿಕೊಳ್ಳುವ ಚಿಕ್ಕ ತಂತ್ರಾಂಶ) ಇಳಿಸಿಕೊಂಡೆ. ಮೊದಲನೇ ಸಲ ಅದು ಜಿಪ್ ಫೈಲ್ ಆಗಿ ಬಂತು. ಬಿಚ್ಚಿದೆ, ಒಳಗೆ ಏನೇನೋ ಇತ್ತು, ಯಾವುದನ್ನು ಒತ್ತಿದರೂ ಏನೂ ಆಗಲಿಲ್ಲ. ಆಮೇಲೆ ಮಗಳು ಹೆಸರಿನ ಕೊನೆಯಲ್ಲಿ ಜಿಪ್ ತೆಗೆದು ಒಎಕ್ಸ್‌ಟಿ ಅಂತ ಹಾಕಿಕೊಟ್ಟಳು. ಡಬಲ್ ಕ್ಲಿಕ್ ಮಾಡಿದ ತಕ್ಷಣ ಕೂತಿತು. ಎಕ್ಸ್‌ಟೆನ್ಶನ್ ಪಟ್ಟಿಯಲ್ಲಿ ಹೆಸರೂ ಕಾಣುತ್ತಿದೆ.

ಆದರೆ ಈಗ ಪುಟ ತೆರೆದರೆ ಒಂದೊಂದು ಕನ್ನಡ ಪದದ ಕೆಳಗೂ ಕೆಂಪು ಗೆರೆ. "ಶಾಲೆ" ಅನ್ನೋದಕ್ಕೂ ಕೆಂಪು! ಮೂರು ಸಲ ತೆಗೆದು ಹಾಕಿದೆ. ಈ ಡಿಕ್ಷನರಿಯೇ ಕೆಟ್ಟಿದೆಯಾ?

ಪೆಂಗ್ವಿನ್ ಸವಾರ

ವಿಂಡೋಸ್ ತೆಗೆದುಬಿಡಿ 😀 ತಮಾಷೆಗೆ ಹೇಳಿದೆ. ಲಿಬ್ರೆಆಫೀಸ್ ಪೂರ್ತಿ ಮುಚ್ಚಿ ಮತ್ತೆ ತೆರೆದಿರಾ? ಎಕ್ಸ್‌ಟೆನ್ಶನ್ ಹಾಕಿದ ಮೇಲೆ ಅದು ಬೇಕೇ ಬೇಕು. ಕೆಳಗೆ ಗಡಿಯಾರದ ಪಕ್ಕ ಕ್ವಿಕ್‌ಸ್ಟಾರ್ಟರ್ ಕೂತಿದ್ದರೆ ಅದನ್ನೂ ಮುಚ್ಚಬೇಕು. ಕಿಟಕಿ ಮುಚ್ಚಿದರೂ ಅದು ಒಳಗೇ ಓಡುತ್ತಿರುತ್ತದೆ.

ಅದಕ್ಕೂ ಆಗದಿದ್ದರೆ ಹೆಲ್ಪ್ ಮೆನುವಿನಲ್ಲಿ ಸೇಫ್ ಮೋಡ್ ಇದೆ. ಪ್ರೊಫೈಲ್ (ನಿಮ್ಮ ಸೆಟ್ಟಿಂಗ್ ಎಲ್ಲಾ ಇರುವ ಫೋಲ್ಡರ್) ಅಳಿಸಿ ಹೊಸದಾಗಿ ಶುರುಮಾಡಿ.

ಹಳೇ ಕೀಲಿಮಣೆ

ಸವಾರರೇ, ಸ್ವಲ್ಪ ತಡೀರಿ. ಪ್ರೊಫೈಲ್ ಅಳಿಸಿದರೆ ಅವರು ಸೇರಿಸಿಕೊಂಡ ಪದಗಳು, ಆಟೊಕರೆಕ್ಟ್, ಟೆಂಪ್ಲೇಟ್ ಎಲ್ಲಾ ಹೋಗುತ್ತದೆ. ನೆಗಡಿಗೆ ಮೂಗು ಕೊಯ್ದ ಹಾಗೆ.

ಹೊಂಗೆಮರ ಅವರೇ, ಡಿಕ್ಷನರಿ ಕೆಟ್ಟಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಕೆಂಪು ಗೆರೆ ಬರುವುದಿಲ್ಲ. ಯಾವ ಭಾಷೆಗೆ ಡಿಕ್ಷನರಿ ಇಲ್ಲವೋ ಆ ಭಾಷೆಯ ಪದವನ್ನು ರೈಟರ್ ಸುಮ್ನೆ ಬಿಟ್ಟುಬಿಡುತ್ತದೆ. ಎಲ್ಲದಕ್ಕೂ ಕೆಂಪು ಬರುತ್ತಿದೆ ಅಂದರೆ ಯಾವುದೋ ಡಿಕ್ಷನರಿ ನಿಮ್ಮ ಪದಗಳನ್ನು ನೋಡುತ್ತಿದೆ, ಆದರೆ ಅದು ಕನ್ನಡದ್ದಲ್ಲ.

ಒಂದು ಕೆಲಸ ಮಾಡಿ. "ಶಾಲೆ" ಪದದ ಮೇಲೆ ಕರ್ಸರ್ ಇಡಿ. ಕಿಟಕಿಯ ತಳದಲ್ಲಿ ಸ್ಟೇಟಸ್ ಪಟ್ಟಿ ಇದೆಯಲ್ಲ, ಅಲ್ಲಿ ಭಾಷೆಯ ಹೆಸರು ಕಾಣುತ್ತದೆ. ಏನಂತ ಇದೆ ಹೇಳಿ.

ಹೊಂಗೆಮರ

ಹಿಂದಿ ಅಂತ ಇದೆ!!

ಹಳೇ ಕೀಲಿಮಣೆ

ಅದೇ ನೋಡಿ. ನಿಮ್ಮ "ಶಾಲೆ"ಯನ್ನು ಹಿಂದಿ ನಿಘಂಟಿನಲ್ಲಿ ಹುಡುಕಿ, ಸಿಗಲಿಲ್ಲ ಅಂತ ಹೇಳುತ್ತಿದೆ. ಪಾಪ, ಅದರ ತಪ್ಪೇನಿಲ್ಲ.

ಲಿಬ್ರೆಆಫೀಸ್ ಒಂದೇ ಪಠ್ಯಕ್ಕೆ ಮೂರು ಭಾಷೆ ಇಟ್ಟುಕೊಳ್ಳುತ್ತದೆ. ಇಂಗ್ಲಿಷ್ ತರದ ಲಿಪಿಗಳಿಗೆ ಒಂದು. ಚೀನಿ, ಜಪಾನಿ, ಕೊರಿಯನ್‌ಗೆ ಒಂದು. ಕನ್ನಡ, ಹಿಂದಿ, ತಮಿಳು, ಅರಬ್ಬಿ ತರದ ಕೂಡುವ ಲಿಪಿಗಳಿಗೆ ಇನ್ನೊಂದು. ಈ ಮೂರನೆಯದನ್ನು ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಅಂತಾರೆ, ಚಿಕ್ಕದಾಗಿ ಸಿಟಿಎಲ್. ನೀವು ಕನ್ನಡ ಅಕ್ಷರ ಟೈಪ್ ಮಾಡಿದಾಗ ಅದು "ಓ, ಇದು ಸಿಟಿಎಲ್" ಅಂತ ಮಾತ್ರ ಗುರುತು ಹಿಡಿಯುತ್ತದೆ. ಯಾವ ಭಾಷೆ ಅನ್ನೋದನ್ನು ಸೆಟ್ಟಿಂಗ್ ನೋಡಿ ತೀರ್ಮಾನ ಮಾಡುತ್ತದೆ. ನಿಮ್ಮಲ್ಲಿ ಆ ಜಾಗದಲ್ಲಿ ಹಿಂದಿ ಇದೆ.

ಟೂಲ್ಸ್, ಅದರೊಳಗೆ ಆಪ್ಷನ್ಸ್, ಅಲ್ಲಿ ಲ್ಯಾಂಗ್ವೇಜಸ್ ಅಂಡ್ ಲೊಕೇಲ್ಸ್, ಜನರಲ್. ಸಿಟಿಎಲ್ ಅನ್ನೋ ಸಾಲಿನಲ್ಲಿ ಕನ್ನಡ ಆರಿಸಿ. ಪಟ್ಟಿಯಲ್ಲಿ ಕೆಲವು ಭಾಷೆಯ ಪಕ್ಕ ಎಬಿಸಿ ಮತ್ತು ಟಿಕ್ ಗುರುತು ಇರುತ್ತದೆ. ಆ ಭಾಷೆಗೆ ಡಿಕ್ಷನರಿ ಇದೆ ಅಂತ ಅರ್ಥ. ಕನ್ನಡದ ಪಕ್ಕ ಆ ಗುರುತು ಇದ್ದರೆ ನಿಮ್ಮ ಎಕ್ಸ್‌ಟೆನ್ಶನ್ ಸರಿಯಾಗೇ ಕೂತಿದೆ.

ಇದು ಹೊಸ ಫೈಲ್‌ಗಳಿಗಾಯಿತು. ಈಗಾಗಲೇ ಹಿಂದಿ ಅಂತ ಮುದ್ರೆ ಬಿದ್ದಿರುವ ಪಠ್ಯಕ್ಕೆ: ಕಂಟ್ರೋಲ್ ಎ ಒತ್ತಿ ಎಲ್ಲಾ ಆಯ್ಕೆ ಮಾಡಿ. ಫಾರ್ಮ್ಯಾಟ್ ಮೆನುವಿನಲ್ಲಿ ಕ್ಯಾರೆಕ್ಟರ್ ತೆರೆದು, ಫಾಂಟ್ ಟ್ಯಾಬ್‌ನಲ್ಲಿ ಸಿಟಿಎಲ್ ಭಾಗದ ಭಾಷೆಯನ್ನು ಕನ್ನಡ ಮಾಡಿ. ಅಲ್ಲಿ ಬೇರೇನೂ ಮುಟ್ಟಬೇಡಿ.

ಖಾತೆಕಿರ್ದಿ

ಅಬ್ಬಾ, ನಾಲ್ಕು ವರ್ಷದಿಂದ ನಾನು ಕನ್ನಡದಲ್ಲಿ ಫಾಂಟ್ ಸೈಜ್ 14 ಮಾಡಿದರೆ ಇಂಗ್ಲಿಷ್ ಅಕ್ಷರ 12ರಲ್ಲೇ ಯಾಕೆ ಉಳಿಯುತ್ತೆ ಅಂತ ತಲೆ ಕೆರ್ಕೊಳ್ತಿದ್ದೆ. ಎರಡಕ್ಕೂ ಬೇರೆ ಬೇರೆ ಮನೆ ಅಂತ ಈಗ ಗೊತ್ತಾಯ್ತು.

ಅಡಿಟಿಪ್ಪಣಿ

ಎಕ್ಸ್‌ಟೆನ್ಶನ್ ವಿಷಯ ಬಂದಿದ್ದಕ್ಕೆ ನನ್ನದೂ ಒಂದು ಕೇಳ್ತೀನಿ. ಪಿಎಚ್‌ಡಿ ಪ್ರಬಂಧ ಬರೀತಿದ್ದೀನಿ, ನನ್ನದು ಉಬುಂಟು ಲಿನಕ್ಸ್. ಝೋಟೆರೊ (ಆಕರಗಳನ್ನು ಜೋಡಿಸಿ ಅಡಿಟಿಪ್ಪಣಿ ಹಾಕಿಕೊಡುವ ತಂತ್ರಾಂಶ) ಎಕ್ಸ್‌ಟೆನ್ಶನ್ ಅನ್ನು ಲಿಬ್ರೆಆಫೀಸ್ ತಾಣದಲ್ಲಿ ಎಷ್ಟು ಹುಡುಕಿದರೂ ಸರಿಯಾದದ್ದು ಸಿಗ್ತಿಲ್ಲ.

ಪೆಂಗ್ವಿನ್ ಸವಾರ

ಅದು ಅಲ್ಲಿ ಹುಡುಕುವುದಲ್ಲ. ಝೋಟೆರೊ ತನ್ನ ಹೊಟ್ಟೆಯಲ್ಲೇ ಅದನ್ನು ಇಟ್ಟುಕೊಂಡಿದೆ. ಝೋಟೆರೊ ತೆರೆಯಿರಿ, ಸೆಟ್ಟಿಂಗ್ಸ್, ಸೈಟ್ (Cite) ಅನ್ನೋ ವಿಭಾಗ, ಅಲ್ಲಿ ವರ್ಡ್ ಪ್ರೊಸೆಸರ್ಸ್. ಲಿಬ್ರೆಆಫೀಸ್ ಆಡ್-ಇನ್ ಇನ್‌ಸ್ಟಾಲ್ ಅಂತ ಗುಂಡಿ ಇರುತ್ತದೆ. ಒತ್ತುವ ಮೊದಲು ಲಿಬ್ರೆಆಫೀಸ್ ಮುಚ್ಚಿರಿ.

ಉಬುಂಟುವಿನಲ್ಲಿ ಅದಕ್ಕೆ ಜಾವಾ (ಕೆಲವು ಪ್ರೋಗ್ರಾಮ್ ಓಡಲಿಕ್ಕೆ ಬೇಕಾದ ತಂತ್ರಾಂಶ) ಬೇಕು. ಲಿಬ್ರೆಆಫೀಸ್-ಜಾವಾ-ಕಾಮನ್ ಅನ್ನೋ ಪ್ಯಾಕೇಜ್ ಹಾಕಿಕೊಳ್ಳಿ. ಬರೀ ಜಾವಾ ಇದ್ದರೆ ಸಾಲದು, ಇಬ್ಬರಿಗೂ ಪರಿಚಯ ಮಾಡಿಸುವುದು ಈ ಪ್ಯಾಕೇಜೇ. ವಿಂಡೋಸ್‌ನವರು ಇನ್ನೊಂದು ಗಮನಿಸಬೇಕು: ಲಿಬ್ರೆಆಫೀಸ್ 64 ಬಿಟ್ ಇದ್ದರೆ ಜಾವಾ ಕೂಡ 64 ಬಿಟ್ ಆಗಿರಬೇಕು. 32 ಬಿಟ್ ಜಾವಾ ಹಾಕಿಕೊಂಡು "ಜಾವಾ ಇದೆ, ಆದರೂ ಕೇಳ್ತಿದೆ" ಅನ್ನೋರು ಬೇಕಾದಷ್ಟು ಜನ. ಆಪ್ಷನ್ಸ್‌ನಲ್ಲಿ ಅಡ್ವಾನ್ಸ್ಡ್ ತೆರೆದರೆ ಅದಕ್ಕೆ ಯಾವ ಜಾವಾ ಕಾಣುತ್ತಿದೆ ಅಂತ ಗೊತ್ತಾಗುತ್ತದೆ.

ಅಡಿಟಿಪ್ಪಣಿ

ಆಯ್ತು! ಹತ್ತು ನಿಮಿಷದ ಕೆಲಸ. ಎರಡು ವಾರ ಅಡಿಟಿಪ್ಪಣಿ ಕೈಯಲ್ಲೇ ಹಾಕಿದ್ದೀನಿ, ಹೇಳ್ಕೊಂಡ್ರೆ ನಾಚಿಕೆ.

ಹೊಂಗೆಮರ

ಹಳೇ ಕೀಲಿಮಣೆ ಅವರಿಗೆ ದೊಡ್ಡ ನಮಸ್ಕಾರ. ಕನ್ನಡದ ಪಕ್ಕ ಟಿಕ್ ಇತ್ತು. ಭಾಷೆ ಬದಲಿಸಿದ ಕೂಡಲೇ ಮುಕ್ಕಾಲು ಪಾಲು ಕೆಂಪು ಮಾಯ. ನಿಜವಾದ ತಪ್ಪುಗಳು ಈಗ ಕಾಣುತ್ತಿವೆ. ಆದರೆ ಹನ್ನೊಂದು ಲೇಖನ ಹಾಗೇ ಇದೆ. ಅದರಲ್ಲಿ ಒಂದು ಪದವೂ ಬಿಡದ ಹಾಗೆ ಕೆಂಪು. ಕರ್ಸರ್ ಇಟ್ಟರೆ ಇಂಗ್ಲಿಷ್ ಅಂತ ತೋರಿಸುತ್ತದೆ. ಕನ್ನಡ ಅಂತ ಬದಲಿಸಿದರೂ ಮತ್ತೆ ಇಂಗ್ಲಿಷ್ ಆಗುತ್ತದೆ. ಕಣ್ಣಿಗೆ ಮಾತ್ರ ಚೆಂದದ ಕನ್ನಡ.

ಹಳೇ ಕೀಲಿಮಣೆ

ಆ ಹನ್ನೊಂದು ಲೇಖನ ಕಳಿಸಿದವರು ನಿವೃತ್ತ ಮೇಷ್ಟ್ರುಗಳು, ಇಲ್ಲಾ ಊರಿನ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದವರು. ಸರಿಯಾ?

ಹೊಂಗೆಮರ

ನಿಮಗೆ ಹೇಗೆ ಗೊತ್ತಾಯ್ತು??

ಹಳೇ ಕೀಲಿಮಣೆ

ಇಪ್ಪತ್ತು ವರ್ಷ ಡಿಟಿಪಿ ಮಾಡಿದವನು ನಾನು. ಅವು ನುಡಿ ಅಥವಾ ಬರಹ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟ್‌ನಲ್ಲಿವೆ. ಒಂದು ಪ್ಯಾರಾ ಆಯ್ಕೆ ಮಾಡಿ ಫಾಂಟನ್ನು ಏರಿಯಲ್ ಮಾಡಿ ನೋಡಿ. ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಂಬು, ಬಾಲ ಎಲ್ಲಾ ಕಲಸಿದ ಚಿತ್ರಾನ್ನ ಕಾಣುತ್ತದೆ.

ಕಂಪ್ಯೂಟರ್‌ಗೆ ಅದು ಯಾವತ್ತೂ ಕನ್ನಡವಾಗಿರಲೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟ್ ಅವು. 90ರ ದಶಕದಲ್ಲಿ, ಆಮೇಲೂ ಸುಮಾರು ವರ್ಷ, ಕನ್ನಡ ಬರೆಯಲಿಕ್ಕೆ ಇದ್ದ ದಾರಿಯೇ ಅದು. ಬರಹ ಬಂದಿದ್ದು 1998ರಲ್ಲಿ. ಆಗಿನ ಕಂಪ್ಯೂಟರ್‌ಗಳಲ್ಲಿ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಪದ್ಧತಿ) ಕನ್ನಡ ಸರಿಯಾಗಿ ಮೂಡುತ್ತಲೇ ಇರಲಿಲ್ಲ. ಅವು ಇಲ್ಲದಿದ್ದರೆ ಎಷ್ಟೋ ಕನ್ನಡ ಪತ್ರಿಕೆ, ಪುಸ್ತಕ ಕಂಪ್ಯೂಟರ್ ಕಾಣುತ್ತಿರಲಿಲ್ಲ. ಹಾಗಾಗಿ ಯಾರೂ ಬೈಯಬೇಡಿ.

ಇನ್ನೊಂದು ಪರೀಕ್ಷೆ ಹೇಳಿಕೊಡುತ್ತೇನೆ, ರೈಟರ್‌ನಲ್ಲೇ ಇದೆ. "ಕ" ಅಕ್ಷರ ಮುಗಿದ ಕೂಡಲೇ, ಅದರ ಬಲಕ್ಕೆ ಕರ್ಸರ್ ಇಟ್ಟು ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿ. ಯೂನಿಕೋಡ್ ಆಗಿದ್ದರೆ ಯು+0ಸಿ95 ಅಂತ ಬರುತ್ತದೆ. ಕನ್ನಡದ ಅಕ್ಷರಗಳೆಲ್ಲಾ 0ಸಿ80ರಿಂದ 0ಸಿಎಫ್ಎಫ್ ವರೆಗಿನ ಓಣಿಯಲ್ಲಿವೆ. ಬೇರೆ ಸಂಖ್ಯೆ ಬಂದರೆ ಹಳೇ ಫಾಂಟ್ ಅಂತ ತಿಳಿಯಿರಿ. ಮತ್ತೆ ಅದನ್ನೇ ಒತ್ತಿದರೆ ಅಕ್ಷರ ವಾಪಸ್ ಬರುತ್ತದೆ.

ಇದಕ್ಕೆ ಪರಿವರ್ತಕ ಬೇಕು. ಯಾವ ಡಿಕ್ಷನರಿ ಎಕ್ಸ್‌ಟೆನ್ಶನ್ ಹಾಕಿದರೂ ಪ್ರಯೋಜನ ಇಲ್ಲ. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಸಿಗುತ್ತವೆ. ಎರಡು ಎಚ್ಚರಿಕೆ. ಲೇಖನದ ನಡುವೆ ನಿಜವಾದ ಇಂಗ್ಲಿಷ್ ಪದ ಇದ್ದರೆ ಪರಿವರ್ತಕಕ್ಕೆ ಅದೂ ನುಡಿಯಂತೆಯೇ ಕಾಣುತ್ತದೆ, "ಎಸ್ಸೆಸ್ಸೆಲ್ಸಿ" ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದು ಅರ್ಥವಿಲ್ಲದ ಕನ್ನಡ ಆಗಿ ಬರುತ್ತದೆ. ಆಮೇಲೆ ಬೋಲ್ಡ್, ಇಟಾಲಿಕ್ ಎಲ್ಲಾ ಹೋಗುತ್ತದೆ. ಮೂಲ ಫೈಲ್ ಪಕ್ಕದಲ್ಲೇ ತೆರೆದಿಟ್ಟುಕೊಂಡು ಒಂದೊಂದೇ ಲೇಖನ ಮಾಡಿ. ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಕಣ್ಣಲ್ಲೇ ನೋಡಿ.

ಲ್ಯಾಬ್ ಮೇಷ್ಟ್ರು

ನನ್ನ ಕಷ್ಟ ಬೇರೆ. ಶಾಲೆಯ ಲ್ಯಾಬ್‌ನಲ್ಲಿ 20 ಕಂಪ್ಯೂಟರ್. ಕನ್ನಡ ಡಿಕ್ಷನರಿ ನನ್ನ ಲಾಗಿನ್‌ನಲ್ಲಿ ಹಾಕಿದೆ. ಮಕ್ಕಳ ಲಾಗಿನ್‌ನಲ್ಲಿ ಇಲ್ಲ. ಪ್ರತಿ ಲಾಗಿನ್‌ಗೂ ಕೂತು ಹಾಕಬೇಕಾ?

ಪೆಂಗ್ವಿನ್ ಸವಾರ

ಬೇಡ ಸಾರ್. ಮೌಸಲ್ಲಿ ಡಬಲ್ ಕ್ಲಿಕ್ ಮಾಡಿದರೆ ಅದು ನಿಮ್ಮೊಬ್ಬರ ಪ್ರೊಫೈಲ್‌ಗೆ ಹೋಗುತ್ತದೆ. ವಿಂಡೋಸ್‌ನಲ್ಲಿ ಆ ಪ್ರೊಫೈಲ್ ಆಪ್‌ಡೇಟಾ ಒಳಗಿನ ಲಿಬ್ರೆಆಫೀಸ್ ಫೋಲ್ಡರ್‌ನಲ್ಲಿ 4 ಅನ್ನೋ ಹೆಸರಲ್ಲಿರುತ್ತದೆ. ನೀವು 24.8 ಹಾಕಿದ್ದರೂ ಫೋಲ್ಡರ್ ಹೆಸರು 4 ಅಂತಲೇ. ಅದಕ್ಕೇ ಹಳೇದನ್ನು ತೆಗೆದು ಹೊಸ ಲಿಬ್ರೆಆಫೀಸ್ ಹಾಕಿದರೂ ಹಳೇ ಎಕ್ಸ್‌ಟೆನ್ಶನ್‌ಗಳು ಹಾಗೇ ಉಳಿದಿರುತ್ತವೆ.

ಎಲ್ಲಾ ಬಳಕೆದಾರರಿಗೂ ಹಾಕಲಿಕ್ಕೆ ಯುನೊಪಿಕೆಜಿ ಅಂತ ಒಂದು ಕಮಾಂಡ್ ಜೊತೆಗೇ ಬಂದಿರುತ್ತದೆ. ಲಿಬ್ರೆಆಫೀಸ್‌ನ ಪ್ರೋಗ್ರಾಮ್ ಫೋಲ್ಡರ್‌ನಲ್ಲಿದೆ. ಕಮಾಂಡ್ ಕಿಟಕಿಯನ್ನು ಅಡ್ಮಿನ್ ಆಗಿ ತೆರೆದು "ಯುನೊಪಿಕೆಜಿ ಆಡ್ --ಶೇರ್ಡ್" ಅಂತ ಕೊಟ್ಟು ಮುಂದೆ ಫೈಲ್ ಹೆಸರು ಹಾಕಿ. "ಲಿಸ್ಟ್" ಕೊಟ್ಟರೆ ಏನೇನಿದೆ ತೋರಿಸುತ್ತದೆ, "ರಿಮೂವ್" ತೆಗೆಯಲಿಕ್ಕೆ. ಎಲ್ಲಾ ಇಂಗ್ಲಿಷ್‌ನಲ್ಲಿ ಟೈಪ್ ಮಾಡಬೇಕು ಅಂತ ಬೇರೆ ಹೇಳಬೇಕಿಲ್ಲ. ಒಂದು ಬ್ಯಾಚ್ ಫೈಲ್ ಬರೆದು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡರೆ ಯಂತ್ರಕ್ಕೆ ಒಂದು ನಿಮಿಷ.

ಲಾಕ್ ಫೈಲ್ ಇದೆ ಅಂತ ಬೈದರೆ ಎಲ್ಲೋ ಲಿಬ್ರೆಆಫೀಸ್ ತೆರೆದಿದೆ. ಪೂರ್ತಿ ಮುಚ್ಚಿದ ಮೇಲೂ ಬೈದರೆ ಅದು ತೋರಿಸುವ ಲಾಕ್ ಫೈಲನ್ನು ಅಳಿಸಬಹುದು.

ಲಿನಕ್ಸ್ ಲ್ಯಾಬ್ ಆಗಿದ್ದರೆ ಎಕ್ಸ್‌ಟೆನ್ಶನ್ ಬದಲು ಪ್ಯಾಕೇಜ್ ಹಾಕಿ. ಫೆಡೋರಾದಲ್ಲಿ ಹನ್‌ಸ್ಪೆಲ್-ಕೆಎನ್ ಅಂತ ಇದೆ. ಲಿಬ್ರೆಆಫೀಸ್ ಅದನ್ನು ತಾನೇ ಹುಡುಕಿಕೊಳ್ಳುತ್ತದೆ, ಎಲ್ಲಾ ಲಾಗಿನ್‌ಗೂ ಆಗುತ್ತದೆ.

ಲ್ಯಾಬ್ ಮೇಷ್ಟ್ರು

ಇಂಟರ್ನೆಟ್ಟಿಂದ ಇಳಿಸಿದ್ದನ್ನು ಅಡ್ಮಿನ್ ಆಗಿ ಮಕ್ಕಳ ಕಂಪ್ಯೂಟರ್‌ಗೆ ಹಾಕೋದು ಅಂದರೆ ಭಯ ಆಗುತ್ತದೆ. ವೈರಸ್ ಇರಲ್ವಾ?

ಕಡಲಾಚೆ

ಭಯ ಇರಬೇಕಾದ್ದೇ. ಎಕ್ಸ್‌ಟೆನ್ಶನ್ ಅಂದರೆ ಪ್ರೋಗ್ರಾಮ್. ನೀವು ನಿಮ್ಮ ಕಂಪ್ಯೂಟರ್‌ನಲ್ಲಿ ಏನೇನು ಮಾಡಬಹುದೋ ಅದೂ ಅಷ್ಟೂ ಮಾಡಬಹುದು. ನಾನು ಎರಡು ಕೆಲಸ ಮಾಡುತ್ತೇನೆ.

ಮೊದಲು, ಇಳಿಸುವುದು ಲಿಬ್ರೆಆಫೀಸ್‌ನ ಅಧಿಕೃತ ಎಕ್ಸ್‌ಟೆನ್ಶನ್ ತಾಣದಿಂದ ಮಾತ್ರ. ಲಿಬ್ರೆಆಫೀಸ್ 7.1 ಬಂದ ಮೇಲೆ, ಅಂದರೆ 2021ರಿಂದ, ಬ್ರೌಸರ್ ಕೂಡ ಬೇಕಿಲ್ಲ. ಲಿಬ್ರೆಆಫೀಸ್ ಒಳಗಿನಿಂದಲೇ ಹುಡುಕಿ ಒಂದೇ ಕ್ಲಿಕ್ಕಿಗೆ ಹಾಕಿಕೊಳ್ಳಬಹುದು. ಹೊಂಗೆಮರ ಅವರಿಗೆ ಆದ ಜಿಪ್ ಗೋಳೂ ಇರುವುದಿಲ್ಲ.

ಎರಡನೆಯದು, ತೆರೆದು ನೋಡುವುದು. ಒಎಕ್ಸ್‌ಟಿ ಅಂದರೆ ಜಿಪ್ಪೇ. ಅದಕ್ಕೇ ಕೆಲವು ಬ್ರೌಸರ್ ಅದನ್ನು ಜಿಪ್ ಅಂತ ಉಳಿಸಿಬಿಡುತ್ತವೆ. ಒಂದು ಪ್ರತಿ ಮಾಡಿ, ಅದರ ಹೆಸರನ್ನು ಜಿಪ್ ಮಾಡಿ ಬಿಚ್ಚಿ ನೋಡಿ. ಡಿಕ್ಷನರಿಯಾದರೆ ಒಳಗೆ ಡಿಐಸಿ, ಎಎಫ್ಎಫ್ ಅನ್ನೋ ಎರಡು ಪಠ್ಯ ಫೈಲ್, ಒಂದೆರಡು ಎಕ್ಸ್‌ಎಂಎಲ್, ಲೈಸೆನ್ಸ್, ಅಷ್ಟೇ ಇರಬೇಕು. ಪೈಥಾನ್, ಜಾರ್, ಡಿಎಲ್‌ಎಲ್ ತರದ ಪ್ರೋಗ್ರಾಮ್ ಫೈಲ್ ಕಂಡರೆ ನಿಂತು ಯೋಚಿಸಿ. ಕಂಡ ಮಾತ್ರಕ್ಕೆ ಕಳ್ಳ ಅಂತಲ್ಲ. ಲಿಬ್ರೆಆಫೀಸ್ ಜೊತೆ ಬರುವ ಇಂಗ್ಲಿಷ್ ಡಿಕ್ಷನರಿಯಲ್ಲೇ ವ್ಯಾಕರಣ ನೋಡುವ ಪೈಥಾನ್ ಫೈಲ್‌ಗಳಿವೆ. ಆದರೆ ಬರೀ ಪದಪಟ್ಟಿ ಅಂತ ಹೇಳಿಕೊಂಡು ಡಿಎಲ್‌ಎಲ್ ಹೊತ್ತು ಬಂದವನನ್ನು ನಾನಂತೂ ಮನೆಯೊಳಗೆ ಬಿಡಲ್ಲ.

ಓಪನ್‌ಆಫೀಸ್ ಕಾಲದ ಹಳೇ ಎಕ್ಸ್‌ಟೆನ್ಶನ್‌ಗಳ ಬಗ್ಗೆಯೂ ಜಾಗ್ರತೆ. 2010ರಲ್ಲಿ ಓಪನ್‌ಆಫೀಸ್‌ನಿಂದ ಒಡೆದು ಲಿಬ್ರೆಆಫೀಸ್ ಬೇರೆಯಾದಾಗ ಎಲ್ಲವೂ ಎರಡೂ ಕಡೆ ನಡೆಯುತ್ತಿತ್ತು. 2013ರಲ್ಲಿ 4.0 ಬಂದಾಗ ಇದರ ಪೈಥಾನ್ 3ಕ್ಕೆ ಹೋಯಿತು. ಪೈಥಾನ್ 2ರಲ್ಲಿ ಬರೆದು ಹಾಗೇ ಬಿಟ್ಟಿದ್ದವು ಅಲ್ಲಿಗೆ ನಿಂತವು.

ಖಾತೆಕಿರ್ದಿ

ನಾನು ಒಂದು ಸೇರಿಸ್ತೀನಿ. ಹುಡುಕುವ ಮೊದಲು ಮೆನು ನೋಡಿ. ರಸೀದಿಯಲ್ಲಿ ಯುಪಿಐ ಕ್ಯೂಆರ್ ಕೋಡ್ ಹಾಕಬೇಕಿತ್ತು. ಅದಕ್ಕೆ ಎಕ್ಸ್‌ಟೆನ್ಶನ್ ಹುಡುಕಿ ಅರ್ಧ ದಿನ ಹಾಳು ಮಾಡಿದೆ. ನೋಡಿದರೆ 6.4ರಿಂದಲೇ ಒಳಗಿದೆ! ಇನ್ಸರ್ಟ್, ಒಎಲ್‌ಇ ಆಬ್ಜೆಕ್ಟ್, ಅದರೊಳಗೆ. 7.3ರಿಂದ ಬಾರ್‌ಕೋಡೂ ಬಂದಿದೆ. ಪಿಡಿಎಫ್ ತೆರೆಯುವುದೂ ಒಂದು ಕಾಲದಲ್ಲಿ ಎಕ್ಸ್‌ಟೆನ್ಶನ್ ಆಗಿತ್ತಂತೆ, ಈಗ ಒಳಗೇ ಇದೆ. ಲಕ್ಷ, ಕೋಟಿಗೆ ಅಲ್ಪವಿರಾಮ ಬೀಳಲಿಕ್ಕೂ ಏನೂ ಹಾಕಬೇಕಿಲ್ಲ. ಲಿಬ್ರೆಆಫೀಸ್‌ನ ಲೆಕ್ಕದ ಹಾಳೆ ಕ್ಯಾಲ್ಕ್‌ನಲ್ಲಿ ಫಾರ್ಮ್ಯಾಟ್ ಕೋಡ್ #,##,##0 ಅಂತ ಕೊಟ್ಟರೆ 12,50,000 ಅಂತಲೇ ಬರುತ್ತದೆ.

ಮೊತ್ತವನ್ನು ಅಕ್ಷರದಲ್ಲಿ ಬರೆಯಲಿಕ್ಕೆ ಮಾತ್ರ ನಂಬರ್‌ಟೆಕ್ಸ್ಟ್ ಅನ್ನೋ ಎಕ್ಸ್‌ಟೆನ್ಶನ್ ಹಾಕಿಕೊಂಡಿದ್ದೀನಿ. ಮನಿಟೆಕ್ಸ್ಟ್ ಅಂತ ಫಂಕ್ಷನ್ ಕೊಡುತ್ತದೆ. ಕನ್ನಡದ "ಹನ್ನೆರಡು ಲಕ್ಷದ ಐವತ್ತು ಸಾವಿರ" ನಮ್ಮ ಶೈಲಿಯಲ್ಲೇ ಬೇಕಿತ್ತು, ಅದಕ್ಕೆ ನಾನೇ ಬೇಸಿಕ್ ಅನ್ನೋ ಪ್ರೋಗ್ರಾಮ್ ಭಾಷೆಯಲ್ಲಿ ಬರೆದುಕೊಂಡೆ. ನಮ್ಮಲ್ಲಿ ಇಪ್ಪತ್ತೊಂದು, ಮೂವತ್ತೆರಡು ಎಲ್ಲಾ ಸಂಧಿ ಆಗುತ್ತಲ್ಲ, ನೂರರವರೆಗೆ ಒಂದೊಂದನ್ನೂ ಪಟ್ಟಿ ಮಾಡಿ ತುಂಬಬೇಕಾಯ್ತು.

ಹೊಂಗೆಮರ

ಮೂರು ದಿನ ಆಯ್ತು, ಹನ್ನೊಂದು ಲೇಖನವೂ ಯೂನಿಕೋಡ್ ಆಯ್ತು. ಈಗ ಇನ್ನೊಂದು. ಸರಿ ಇರುವ ಪದಕ್ಕೂ ಕೆಂಪು ಬೀಳುತ್ತಿದೆ. "ಶಾಲೆ" ಸರಿ ಅನ್ನುತ್ತದೆ. "ಶಾಲೆಯಲ್ಲಿದ್ದಾಗಲೇ" ಅಂದರೆ ಕೆಂಪು. ಇದಕ್ಕೆ ಬೇರೆ ಒಳ್ಳೆಯ ಡಿಕ್ಷನರಿ ಇದೆಯಾ? ಲ್ಯಾಂಗ್ವೇಜ್‌ಟೂಲ್ ಅನ್ನೋ ವ್ಯಾಕರಣ ನೋಡುವ ತಂತ್ರಾಂಶ ಹಾಕಿ ಅಂತ ಒಬ್ಬರು ಹೇಳಿದರು.

ಕಡಲಾಚೆ

ಲ್ಯಾಂಗ್ವೇಜ್‌ಟೂಲ್‌ನಲ್ಲಿ ಕನ್ನಡ ಇಲ್ಲ. ಹಾಕಿದರೂ ಇಂಗ್ಲಿಷ್ ತರದ ಬೇರೆ ಭಾಷೆಗಳಿಗೆ ಮಾತ್ರ ಉಪಯೋಗ.

ಕೆಂಪು ಯಾಕೆ ಬರುತ್ತದೆ ಅಂತ ಹೇಳುತ್ತೇನೆ, ನನಗೆ ಇಷ್ಟವಾದ ವಿಷಯ. ಲಿಬ್ರೆಆಫೀಸ್ ಒಳಗೆ ಪದ ನೋಡುವುದು ಹನ್‌ಸ್ಪೆಲ್ ಅನ್ನೋ ತಂತ್ರಾಂಶ. ಅದು ಹುಟ್ಟಿದ್ದು ಹಂಗೇರಿಯನ್ ಭಾಷೆಗೆ. ಹಂಗೇರಿಯನ್ನೂ ನಮ್ಮ ಹಾಗೆ ಪದಕ್ಕೆ ಬಾಲದ ಮೇಲೆ ಬಾಲ ಅಂಟಿಸುವ ಭಾಷೆ. ಡಿಐಸಿ ಫೈಲ್‌ನಲ್ಲಿ ಬೇರು ಪದಗಳು, ಎಎಫ್ಎಫ್ ಫೈಲ್‌ನಲ್ಲಿ ಬಾಲದ ನಿಯಮಗಳು. ಆದರೆ ಅದು ಎರಡು ಸುತ್ತು ಬಾಲ ಮಾತ್ರ ಬಿಚ್ಚುತ್ತದೆ. "ಶಾಲೆಯಲ್ಲಿದ್ದಾಗಲೇ" ನೋಡಿ: ಶಾಲೆ, ಅಲ್ಲಿ, ಇದ್ದ, ಆಗ, ಏ. ನಡುವೆ ಯಕಾರ ಬಂತು, "ಅಲ್ಲಿ"ಯ ಇ ಹೋಯಿತು, ಲಕಾರ ಬಂತು. ಇಲ್ಲಿ ಎರಡು ಪದವೇ ಕೂಡಿಕೊಂಡಿದೆ, ಬರೀ ಬಾಲ ಅಲ್ಲ. ನಾವು ಮಾತಾಡಿದ ಹಾಗೆ ಕೂಡಿಸಿ ಬರೆಯುತ್ತೇವೆ. ಒಬ್ಬರು "ಶಾಲೆಯಲ್ಲಿ ಇದ್ದಾಗಲೇ" ಅಂತ ಬಿಡಿಸುತ್ತಾರೆ, ಇನ್ನೊಬ್ಬರು ಕೂಡಿಸುತ್ತಾರೆ, ಎರಡೂ ಸರಿ. ಪದಪಟ್ಟಿ ಎಷ್ಟು ಉದ್ದ ಮಾಡಿದರೂ ಇದು ಮುಗಿಯುವ ಲೆಕ್ಕ ಅಲ್ಲ.

ಹಾಗಾಗಿ ಡಿಕ್ಷನರಿ ಬದಲಿಸುತ್ತಾ ಕೂರಬೇಡಿ. ಎರಡೆರಡು ಕನ್ನಡ ಡಿಕ್ಷನರಿ ಒಟ್ಟಿಗೆ ಹಾಕುವುದಂತೂ ಬೇಡ, ಯಾವುದು ಏನು ಹೇಳುತ್ತಿದೆ ಅಂತ ಗೊತ್ತಾಗುವುದಿಲ್ಲ. ಚಿಕ್ಕ ಪದಗಳಿಗೆ ಬಿದ್ದ ಕೆಂಪನ್ನು ನಂಬಿ, ಉದ್ದ ಪದಗಳಿಗೆ ಬಿದ್ದದ್ದನ್ನು ಒಂದು ಕಣ್ಣು ಹಾಕಿ ಬಿಡಿ.

ಹಳೇ ಕೀಲಿಮಣೆ

ಒಪ್ಪಿದೆ. ಒಂದು ಸೇರಿಸುತ್ತೇನೆ. "ಲ್ಯಾಪ್‌ಟಾಪ್" ತರದ ಪದದಲ್ಲಿ ಪ್ ಮತ್ತು ಟಾ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ, ಒತ್ತು ಬೀಳದಂತೆ ತಡೆಯಲಿಕ್ಕೆ. ನೋಡಲಿಕ್ಕೆ ಒಂದೇ ತರ ಕಂಡರೂ ಒಬ್ಬರ ಪದದಲ್ಲಿ ಅದು ಒಂದು ಸಲ, ಇನ್ನೊಬ್ಬರದರಲ್ಲಿ ಎರಡು ಸಲ ಕೂತಿರಬಹುದು. ಆಗ ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಇಲ್ಲ. ಸಂದೇಹ ಬಂದರೆ ಅಳಿಸಿ ನೀವೇ ಒಮ್ಮೆ ಟೈಪ್ ಮಾಡಿ.

ಮತ್ತೆ, ಊರಿನ ಹೆಸರು, ಜನರ ಹೆಸರು ಬಲ ಕ್ಲಿಕ್ ಮಾಡಿ ಡಿಕ್ಷನರಿಗೆ ಸೇರಿಸಿಕೊಳ್ಳಿ. ಅದು ನಿಮ್ಮ ಪ್ರೊಫೈಲ್‌ನಲ್ಲೇ ಉಳಿಯುತ್ತದೆ. ಪ್ರೊಫೈಲ್ ಅಳಿಸಬೇಡಿ ಅಂತ ನಾನು ಮೊದಲೇ ಕೂಗಿದ್ದು ಇದಕ್ಕೇ. ಪ್ರೆಸ್ಸಿನವರು "ನುಡಿಯಲ್ಲೇ ಕೊಡಿ" ಅಂದರೆ ಗಾಬರಿ ಬೇಡ, ಪಿಡಿಎಫ್ ಮಾಡಿ ಕೊಡಿ. ಫಾಂಟ್ ಅದರೊಳಗೇ ಹೋಗುತ್ತದೆ.

ಹೊಂಗೆಮರ

ಎಲ್ಲರಿಗೂ ಥ್ಯಾಂಕ್ಸ್. 38 ಲೇಖನವೂ ಮುಗಿಯಿತು. ಸ್ಥಾಪಕ ಹೆಡ್‌ಮಾಸ್ಟರರ ಹೆಸರನ್ನು ಒಂಬತ್ತು ಜನ ಮೂರು ತರ ಬರೆದಿದ್ದರು. ಎಲ್ಲದಕ್ಕೂ ಕೆಂಪು ಬಿದ್ದಿದ್ದರಿಂದಲೇ ನನಗೆ ಗೊತ್ತಾಗಿದ್ದು. ಒಂದನ್ನು ಆರಿಸಿ ಡಿಕ್ಷನರಿಗೆ ಸೇರಿಸಿ, ಉಳಿದಿದ್ದೆಲ್ಲಾ ಅದೇ ತರ ಬದಲಿಸಿಬಿಟ್ಟೆ.

ಹಳೇ ಕೀಲಿಮಣೆ

ಆರಿಸಿದ್ದು ಸರಿ ಅಂತ ಅವರ ಮನೆಯವರನ್ನು ಕೇಳಿದಿರಾ?

ಹೊಂಗೆಮರ

ಇಲ್ಲ... ಫೋನ್ ಮಾಡಿ ಬರ್ತೀನಿ.